ದೊಡ್ಡಪೇಟೆಯ ಮುಂಗಟ್ಟುಗಳು

ಶುಕ್ರವಾರ

ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಅವೆನ್ಯೂ ರಸ್ತೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಕೆಲಸವಿದ್ದವರು ಕಾಲು ಗಂಟೆಯಲ್ಲಿ ದಾಟಿಬಿಡುತ್ತಾರೆ. ನಾನು ತಿಪಟೂರಿನಿಂದ ರೈಲು ಹತ್ತಿ ಬಂದದ್ದು ಇದೊಂದೇ ರಸ್ತೆಯನ್ನು ನಿಧಾನವಾಗಿ ನೋಡಲಿಕ್ಕೆ. ನಮ್ಮದು ಜವಳಿ ಅಂಗಡಿ. ಅಪ್ಪ ಇದ್ದಷ್ಟು ಕಾಲ ಯುಗಾದಿಗೆ ಮುಂಚೆ, ದೀಪಾವಳಿಗೆ ಮುಂಚೆ ಖರೀದಿಗೆ ಬರುತ್ತಿದ್ದದ್ದು ಇಲ್ಲಿಗೇ. ಅವರ ಬಾಯಲ್ಲಿ ಇದು ಕೊನೆಯತನಕ ದೊಡ್ಡಪೇಟೆ.

ಶ್ರೀರಾಂಪುರದ ಚಿಕ್ಕಮ್ಮನ ಮನೆಯಲ್ಲಿ ಬ್ಯಾಗು ಇಟ್ಟು ಹೊರಟಾಗ, "ಪೇಟೆಗಾ? ಹಾಗಾದ್ರೆ ಏನೇನು ತರ್ಬೇಕು ಬರ್ಕೊಡ್ತೀನಿ ತಾಳೇ" ಅಂದರು. ಏನೂ ತರೋದಿಲ್ಲ, ಅಂಗಡಿ ನೋಡಿಕೊಂಡು ಬರ್ತೀನಿ ಅಂದಾಗ ಅವರಿಗೆ ಅರ್ಥವಾಗಲಿಲ್ಲ. ಪೇಟೆಗೆ ಹೋಗಿ ಬರಿಗೈಲಿ ಬರುವುದು ಅವರ ಲೆಕ್ಕದಲ್ಲಿ ಇಲ್ಲ.

ಪೇಟೆಯ ಉತ್ತರದ ಬಾಗಿಲಾದ ಯಲಹಂಕ ಬಾಗಿಲು ಇದ್ದದ್ದು ಮೈಸೂರು ಬ್ಯಾಂಕ್ ವೃತ್ತದ ಹತ್ತಿರವೇ. ಬಾಗಿಲೂ ಇಲ್ಲ, ಕೋಟೆ ಗೋಡೆಯೂ ಇಲ್ಲ. ಬಾಗಿಲಿನ ಹೆಸರನ್ನು ಆಂಜನೇಯಸ್ವಾಮಿ ಗುಡಿ ಉಳಿಸಿಕೊಂಡಿದೆ. 1942ರ ಚಳವಳಿಯಲ್ಲಿ ಇಲ್ಲಿ ಗುಂಡೇಟಿಗೆ ಬಲಿಯಾದವರ ಸ್ಮಾರಕವೂ ವೃತ್ತದಲ್ಲೇ ಇದೆ. ಬಸ್ಸಿನ ಗಡಿಬಿಡಿಯಲ್ಲಿ ಅದರ ಕಡೆ ತಿರುಗಿ ನೋಡುವವರು ಕಡಿಮೆ. ಒಂದು ನಿಮಿಷ ನಿಂತು ನೋಡಬೇಕಾದ ಜಾಗ ಅದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಶುರುವಾದ ಬ್ಯಾಂಕು ಈ ವೃತ್ತಕ್ಕೆ ಹೆಸರು ಕೊಟ್ಟಿತು. 2017ರ ಏಪ್ರಿಲ್ 1ಕ್ಕೆ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಬೋರ್ಡು ಬದಲಾಗಿದೆ, ಸಿಟಿ ಬಸ್ಸಿನವರು ಇವತ್ತಿಗೂ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಅಂತಲೇ ಕೂಗುತ್ತಾರೆ. ತಿಪಟೂರಿನಲ್ಲಿ ಅಪ್ಪನ ಖಾತೆ ಇದ್ದದ್ದೂ ಇದೇ ಬ್ಯಾಂಕಿನಲ್ಲಿ. ಇಲ್ಲಿನ ಸಗಟು ವ್ಯಾಪಾರಿಗಳಿಗೆ ಡಿಡಿ ತೆಗೆಯುತ್ತಿದ್ದದ್ದೂ ಅಲ್ಲಿಂದಲೇ.

ವೃತ್ತ ದಾಟಿ ಒಳಗೆ ಬಂದರೆ ಮೊದಲು ಸಿಗುವುದು ಪುಸ್ತಕ. ಫುಟ್‌ಪಾತಿನ ಮೇಲೆ, ಮೆಟ್ಟಿಲ ಮೇಲೆ, ಮುಚ್ಚಿದ ಕಿಟಕಿಯ ಅಂಚಿನ ಮೇಲೆ ಪುಸ್ತಕ. ಎಂಜಿನಿಯರಿಂಗ್, ಕಾನೂನು, ಬಿ.ಕಾಂ., ಕೆಎಎಸ್ ಪರೀಕ್ಷೆಯ ಗೈಡುಗಳು. ಹಳೇ ಪುಸ್ತಕ ಮಾರುವ ಒಬ್ಬ ಹಿರಿಯರ ಹತ್ತಿರ ಮಾತಿಗೆ ಕೂತೆ. ಓದಿ ಮುಗಿಸಿದವರಿಂದ ಕೊಳ್ಳುವುದು, ಮುಂದಿನ ವರ್ಷದವರಿಗೆ ಅರ್ಧ ಬೆಲೆಗೆ ಮಾರುವುದು ಅವರ ವ್ಯಾಪಾರ. ಇದು ನಡೆಯಬೇಕಾದರೆ ಪಠ್ಯ ನಾಲ್ಕಾರು ವರ್ಷವಾದರೂ ಒಂದೇ ಇರಬೇಕು. ಪದವಿ ತರಗತಿಗಳಿಗೆ 2021ರಲ್ಲಿ ಹೊಸ ಪಠ್ಯಕ್ರಮ ಬಂತು, 2024ರಲ್ಲಿ ಮತ್ತೆ ಬದಲಾಯಿತು.

"ಹುಡುಗರು ಮೊಬೈಲಲ್ಲೇ ಓದ್ತಾರೆ ಅಂತ ಎಲ್ರೂ ಹೇಳ್ತಾರಮ್ಮ. ಅದನ್ನ ಹೆಂಗೋ ತಡ್ಕೋಬೋದು. ಸಿಲಬಸ್ ಬದಲಾಯ್ತು ಅಂದ್ರೆ ಮಾತ್ರ ಈ ಗೋಡೆ ಉದ್ದಕ್ಕೂ ಇರೋದೆಲ್ಲ ತೂಕದ ಲೆಕ್ಕಕ್ಕೆ ಹೋಗ್ಬೇಕು."

ಅವರ ಅಂಗಡಿಯ ಅಗಲ ನನ್ನ ಎರಡೂ ಕೈ ಚಾಚಿದರೆ ಮುಗಿಯುತ್ತದೆ. ಒಳಗೆ ಅಂಗಡಿ ಇಲ್ಲ, ಇರುವುದು ಗೋಡೆ ಮಾತ್ರ. ಹಿಂದಿನ ಕಟ್ಟಡದ ಮಾಲೀಕರಿಗೆ ತಿಂಗಳಿಗಿಷ್ಟು ಅಂತ ಕೊಟ್ಟು ಆ ಗೋಡೆಗೆ ಹಲಗೆ ಹೊಡೆದುಕೊಂಡಿದ್ದಾರೆ. ಇಷ್ಟು ಜಾಗದಲ್ಲಿ ಇಬ್ಬರು ಮಕ್ಕಳನ್ನು ಓದಿಸಿದೆ ಅಂತ ಹೇಳಿದರು. ಆ ಮಾತು ಕೇಳಿದ ಮೇಲೆ ನಾನು ಮುಂಗಟ್ಟಿನ ಅಗಲವನ್ನು ಗಮನಿಸಲು ಶುರುಮಾಡಿದೆ.

ಶನಿವಾರ

ಶ್ರೀರಾಂಪುರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ ದಾಟಿದರೆ ಚಿಕ್ಕಪೇಟೆ. ಈ ಸುರಂಗದ ಮಾರ್ಗ ಶುರುವಾದದ್ದು 2017ರ ಜೂನ್‌ನಲ್ಲಿ. ಅಪ್ಪ ಮೆಜೆಸ್ಟಿಕ್‌ನಿಂದ ನಡೆದು ಬಂದು, ಖರೀದಿ ಮುಗಿಸಿ, ಬೇಲುಗಳನ್ನು ಲಾರಿ ಆಫೀಸಿಗೆ ಹಾಕಿಸಿ, ಲಾರಿಯವರು ಕೊಡುವ ಎಲ್.ಆರ್. ರಸೀದಿ ಜೇಬಿಗಿಟ್ಟುಕೊಂಡು ರಾತ್ರಿ ರೈಲು ಹಿಡಿಯುತ್ತಿದ್ದರು. ಈಗ ಅದೇ ಪೇಟೆಯ ಕೆಳಗೆ ಎಸ್ಕಲೇಟರ್ ಹತ್ತಿ ಮೇಲೆ ಬರಬಹುದು. ನಿಲ್ದಾಣಕ್ಕಾಗಿ ಒಂದಿಷ್ಟು ಕಟ್ಟಡ ಹೋದವು. ಆದರೆ ವ್ಯಾಪಾರಕ್ಕೆ ಅದು ತಂದ ಅನುಕೂಲ ಸಣ್ಣದಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲ ಅಂತ ಜಯನಗರದಲ್ಲೋ ರಾಜಾಜಿನಗರದಲ್ಲೋ ಮದುವೆ ಸೀರೆ ತೆಗೆಯುತ್ತಿದ್ದ ಮನೆಗಳು ಮತ್ತೆ ಚಿಕ್ಕಪೇಟೆಗೆ ಬಂದಿವೆ ಅಂತ ನಾನು ಮಾತಾಡಿಸಿದ ಅಂಗಡಿಯವರೆಲ್ಲ ಹೇಳಿದರು.

ದೊಡ್ಡಪೇಟೆಗೆ ಚಿಕ್ಕಪೇಟೆ ಅಡ್ಡ ಸೇರುವ ಚೌಕ ಈ ಊರಿನ ನಾಭಿ. 1537ರಲ್ಲಿ ಹಿರಿಯ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದರು, ಉತ್ತ ಸಾಲುಗಳೇ ಬೀದಿಗಳಾದವು ಅನ್ನುವುದು ಪ್ರತೀತಿ. ಆ ಬೀದಿಗಳಿಂದ ಕವಲೊಡೆದದ್ದು ಒಂದೊಂದು ಕಸುಬಿನ ಪೇಟೆ: ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ನಗರ್ತಪೇಟೆ, ತರಗುಪೇಟೆ. 1791ರ ಮಾರ್ಚ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲು ಒಡೆದು ಒಳನುಗ್ಗಿದಾಗ ಈ ಪೇಟೆ ಹಾಳಾಯಿತು. ಆಮೇಲೆ ಬಂದ ವರ್ತಕರು ಅದೇ ಸಾಲಿನ ಮೇಲೆ ಮತ್ತೆ ಅಂಗಡಿ ಕಟ್ಟಿಕೊಂಡರು.

ನಾವು "ಹಳೇ ಪೇಟೆ" ಅಂದಾಗ ಹಳೆಯದು ಯಾವುದು? ಕಟ್ಟಡಗಳು ಅಂಥ ಹಳೆಯವಲ್ಲ. ನೂರು ವರ್ಷ ದಾಟಿದವು ಅಲ್ಲೊಂದು ಇಲ್ಲೊಂದು. ಚಿಕ್ಕಪೇಟೆಯ ಮೋಹನ್ ಬಿಲ್ಡಿಂಗ್ ಇದೆ, ಉದ್ದನೆಯ ಮುಖ, ಸಾಲು ಬಾಲ್ಕನಿ. ಅದರ ಕೆಳಗೆ ಸೀರೆಯ ಗಂಟು ಹೊತ್ತ ಹಮಾಲಿಗಳ ಓಡಾಟದಲ್ಲಿ ತಲೆ ಎತ್ತಿ ನೋಡಲೂ ಬಿಡುವಾಗುವುದಿಲ್ಲ. ಕಸುಬುಗಳೂ ಹಳೆಯವಲ್ಲ. ಬಳೇಪೇಟೆಯ ಮುಖ್ಯ ಬೀದಿಯಲ್ಲಿ ಇವತ್ತು ಹೆಸರಾದದ್ದು ಹಾರ್ಮೋನಿಯಂ, ತಬಲ, ಮೃದಂಗದ ಅಂಗಡಿಗಳು. ಹತ್ತಿಯ ಅರಳೆಪೇಟೆ ಈಗ ಲಾಡ್ಜುಗಳ ಕಾಟನ್‌ಪೇಟೆ. ನಿಜವಾಗಿ ಹಳೆಯದು ಜಾಗದ ಅಳತೆ. ಬೀದಿಗೆ ಎಂಟೋ ಹತ್ತೋ ಅಡಿ ಮುಖ, ಒಳಗೆ ಅರವತ್ತು ಎಪ್ಪತ್ತು ಅಡಿ ಉದ್ದ. ಮುಂದೆ ಅಂಗಡಿ, ಮಧ್ಯೆ ತೊಟ್ಟಿ, ಹಿಂದೆ ಬಾವಿ ಮತ್ತು ಹಿತ್ತಿಲು, ಮೇಲೆ ಮನೆ. ಅಣ್ಣತಮ್ಮಂದಿರು ಪಾಲಾದಾಗ ಪ್ರತಿಯೊಬ್ಬನಿಗೂ ಬೀದಿ ಮುಖ ಬೇಕು, ಏಕೆಂದರೆ ಮುಖವಿಲ್ಲದ ಪಾಲು ಅನ್ನ ಹಾಕುವುದಿಲ್ಲ. ಹಾಗಾಗಿ ಜಾಗವನ್ನು ಉದ್ದುದ್ದಕ್ಕೆ ಸೀಳಿದರು. ಕಟ್ಟಡ ಕೆಡವಿ ಕಟ್ಟಿದವರೂ ಅದೇ ಸೀಳಿನೊಳಗೇ ಕಟ್ಟಿದರು.

ಅಪ್ಪ ಖರೀದಿ ಮಾಡುತ್ತಿದ್ದ ಅಂಗಡಿ ಚಿಕ್ಕಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಿಳಿ ಬಟ್ಟೆ ಹೊದಿಸಿದ ಗಾದಿಯ ಮೇಲೆ ಕೂರಬೇಕು. ಹುಡುಗರು ಬಟ್ಟೆಯ ತಾನು ಬಿಚ್ಚಿ ಎಸೆಯುತ್ತಾರೆ, ಒಂದು ತುದಿ ನಿಮ್ಮ ಮೊಣಕಾಲಿಗೆ ಬಂದು ತಾಗುತ್ತದೆ. ಮೊದಲು ಕಾಫಿ, ಆಮೇಲೆ ರೇಟು. ಉದ್ರಿ ಎರಡು ತಿಂಗಳ ಮುದ್ದತಿಗೆ. ಅಪ್ಪನ ಕಾಲದಲ್ಲಿ ಅಲ್ಲಿ ಸಿಗುತ್ತಿದ್ದದ್ದು ಧರ್ಮಾವರಂ, ಮೊಳಕಾಲ್ಮೂರು, ಕಂಚಿ, ಪಂಚೆ, ಟವೆಲು. ಸೂರತ್ತಿನ ಮಾಲು ತುಂಬಿಕೊಂಡದ್ದು ಅವರ ಕಣ್ಣೆದುರಿಗೇ.

ಆ ಜಾಗ ಹುಡುಕಿಕೊಂಡು ಹೋದೆ. ಗಾದಿ ಇದ್ದಲ್ಲಿ ಈಗ ಮೊಬೈಲ್ ಕವರುಗಳ ಸಗಟು ವ್ಯಾಪಾರ. ಮೂರು ಗೋಡೆಗೂ ಕೊಕ್ಕೆ, ಕೊಕ್ಕೆಗೊಂದು ಗೊಂಚಲು. ನೆಲ ಮಾತ್ರ ಅದೇ ಕೆಂಪು ರೆಡ್‌ಆಕ್ಸೈಡ್. ಸೀರೆಯ ವ್ಯಾಪಾರ ಮೇಲ್ಮಹಡಿಗೆ ಹೋಗಿದೆ ಅಂತ ಕವರಿನ ಹುಡುಗ ಮೆಟ್ಟಿಲು ತೋರಿಸಿದ. ಹತ್ತಿದೆ. ಅಲ್ಲಿ ಅಪ್ಪನನ್ನು ಕಂಡಿದ್ದ ಗುಮಾಸ್ತರೊಬ್ಬರು ಇನ್ನೂ ಕೆಲಸದಲ್ಲಿದ್ದಾರೆ. ಊರಿನ ಹೆಸರು ಹೇಳಿದೊಡನೆ ಎದ್ದು ನಿಂತರು.

"ತಿಪಟೂರು ಯಜಮಾನ್ರ ಮಗಳಾ? ಕೂತ್ಕೋ ತಾಯಿ. ನಿಮ್ಮಪ್ಪಾಜಿ ಬಂದ್ರೆ ಬೋಣಿ ಚೆನ್ನಾಗಿ ಆಗುತ್ತೆ ಅಂತ ನಮ್ಮ ದೊಡ್ಡ ಸೇಟು ಕಾಯ್ತಾ ಇರೋರು."

"ಕೆಳಗಡೆ ಅಂಗಡಿ ಯಾಕೆ ಬಿಟ್ರಿ?"

ಅವರು ಬಿಡಿಸಿ ಹೇಳಿದ್ದು ಇಷ್ಟು. 2016ರ ನವೆಂಬರಿನ ನೋಟು ರದ್ದತಿಯಲ್ಲಿ ಹಳ್ಳಿ ಕಡೆಯ ಅಂಗಡಿಗಳಿಂದ ಬರಬೇಕಾದ ಬಾಕಿ ನಿಂತಿತು. 2017ರ ಜುಲೈಗೆ ಜಿಎಸ್‌ಟಿ ಬಂತು. ಕೆಂಪು ಬಟ್ಟೆಯ ಕಿರ್ದಿ ಪುಸ್ತಕದಲ್ಲಿ ಬರೆದು ರೂಢಿಯಿದ್ದವರು ಕಂಪ್ಯೂಟರಿನವನನ್ನು ಇಟ್ಟುಕೊಳ್ಳಬೇಕಾಯಿತು. ಆಮೇಲೆ ಕೊರೊನಾ. ಹಳೇ ಗಿರಾಕಿಗಳ ಮಕ್ಕಳು ಈಗ ಊರಲ್ಲೇ ಕೂತು ವಾಟ್ಸಾಪಿನಲ್ಲಿ ಸೂರತ್ತಿನಿಂದ ನೇರ ತರಿಸುತ್ತಾರೆ. ಗಾದಿ ಹಾಕಿ ಕೂರಿಸುವಷ್ಟು ಗಿರಾಕಿ ಬರದಿದ್ದರೆ ಬೀದಿ ಮಟ್ಟದ ಬಾಡಿಗೆ ಯಾಕೆ ಕಟ್ಟಬೇಕು? ಮೊಬೈಲ್ ಕವರಿನವರು ಜಾಗ ಬಿಟ್ಟುಕೊಡಲು ದೊಡ್ಡ ಗುಡ್‌ವಿಲ್ ಮೊತ್ತ ಕೊಟ್ಟು ಆ ಮುಂಗಟ್ಟು ಹಿಡಿದರು.

ಸೂರತ್ತಿನಿಂದ ನೇರ ತರಿಸುವ ಆ ಮಕ್ಕಳಲ್ಲಿ ನನ್ನ ತಮ್ಮನೂ ಒಬ್ಬ. ಅದನ್ನು ಅವರಿಗೆ ಹೇಳಿದೆ. "ಅವರು ಬದುಕ್ಬೇಕಲ್ಲಮ್ಮ" ಅಂದರು, ಬೇಸರವಿಲ್ಲದೆ. ಚಿಕ್ಕಮ್ಮನಿಗೆಂದು ಅವರ ಹತ್ತಿರ ಒಂದು ಮೊಳಕಾಲ್ಮೂರು ಸೀರೆ ತೆಗೆದುಕೊಂಡೆ. ಅವರ ಗೋದಾಮಿನಲ್ಲಿ ಆ ಮಾಲು ಇನ್ನೂ ಇದೆ, ಕೇಳುವವರಿದ್ದರೆ ಬಿಚ್ಚುತ್ತಾರೆ.

ಬಾಡಿಗೆಯ ವಿಷಯ ಇನ್ನೊಂದಿದೆ. ಈ ಓಣಿಗಳಲ್ಲಿ ಹಳೇ ಕಟ್ಟಡ ಉಳಿದಿರುವುದಕ್ಕೆ ಪರಂಪರೆಯ ಮೇಲಿನ ಪ್ರೀತಿಗಿಂತ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಪಾಲು ದೊಡ್ಡದು ಅಂತ ನನಗೆ ಅನ್ನಿಸಿತು. ಹಳೇ ಬಾಡಿಗೆದಾರನನ್ನು ಬಿಡಿಸುವುದು ಕಷ್ಟ, ಬಾಡಿಗೆ ಏರಿಸುವುದೂ ಕಷ್ಟ. ಹಾಗಾಗಿ ಮಾಲೀಕ ಕೆಡವಲಿಲ್ಲ, ರಿಪೇರಿಯನ್ನೂ ಮಾಡಲಿಲ್ಲ. ಗಾರೆ ಉದುರಿತು, ತೊಲೆ ಬಾಗಿತು, ಕಟ್ಟಡ ನಿಂತೇ ಇತ್ತು. 1999ರ ಹೊಸ ಕಾಯಿದೆಯ ನಂತರ ಆ ಹಿಡಿತ ಸಡಿಲವಾಯಿತು. ಒಡೆದು ಕಟ್ಟಿದ ಗಾಜಿನ ಕಟ್ಟಡಗಳು ಹೆಚ್ಚಾಗಿ ಆಮೇಲಿನವು ಅಂತ ಗುಮಾಸ್ತರು ಕಿಟಕಿಯಿಂದಲೇ ಬೆರಳು ಮಾಡಿ ತೋರಿಸಿದರು.

ಸಂಜೆ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿಂದೆ. 1926ರಿಂದ ನಡೆಯುತ್ತಿರುವ ಹೋಟೆಲು. ಖರೀದಿಯ ದಿನ ಅಪ್ಪನ ಊಟ, ತಿಂಡಿ ಎರಡೂ ಅಲ್ಲೇ.

ಭಾನುವಾರ

ಅವೆನ್ಯೂ ರಸ್ತೆಯ ಶಟರುಗಳೆಲ್ಲ ಕೆಳಗಿದ್ದವು. ಕಟ್ಟಡ ನೋಡಬೇಕೆನ್ನುವವರಿಗೆ ಇದೇ ಸರಿಯಾದ ದಿನ. ನೆಲಮಟ್ಟದಲ್ಲಿ ಎಲ್ಲ ಅಂಗಡಿಯೂ ಒಂದೇ ಥರ, ಶಟರು ಮತ್ತು ಬೋರ್ಡು. ಬೋರ್ಡಿನ ಮೇಲೆ ಕಣ್ಣು ಹಾಯಿಸಿದರೆ ಬೇರೆಯೇ ಊರು: ಗಾರೆಯ ಬಳ್ಳಿ, ಕಮಾನಿನ ಕಿಟಕಿ, ಬೀಟೆಯ ಕಂಬ, ಮಂಗಳೂರು ಹೆಂಚು, ಗೋಡೆಯ ಮೇಲ್ಭಾಗದಲ್ಲಿ ಕೆತ್ತಿದ ಇಸವಿ. ತೆರೆದ ಬಾಗಿಲೊಂದರೊಳಗೆ ಮದ್ರಾಸ್ ತಾರಸಿ ಕಾಣಿಸಿತು, ತೊಲೆಗಳ ಮೇಲೆ ಓರೆಯಾಗಿ ಜೋಡಿಸಿದ ಇಟ್ಟಿಗೆ, ಸುಣ್ಣದ ಗಾರೆ. ಇವತ್ತು ಅದನ್ನು ರಿಪೇರಿ ಮಾಡಬಲ್ಲ ಗಾರೆಯವರು ಸಿಗುವುದು ಅಪರೂಪ.

ಮೇಲಿನ ಮನೆಗಳು ಖಾಲಿಯಾಗಲು ಶುರುವಾದದ್ದು 1898ರ ಪ್ಲೇಗಿನಿಂದ. ಇಲಿ ಸತ್ತ ಮನೆಗಳನ್ನು ಬಿಟ್ಟು ಜನ ಊರಾಚೆ ಗುಡಿಸಲು ಹಾಕಿದರು. ಕೈಲಾದವರು ಆ ದಶಕದಲ್ಲೇ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಮಾಡಿದರು. ಅಂಗಡಿ ಕೆಳಗೆ, ಮನೆ ಮೇಲೆ ಎಂಬ ನಂಟು ಅಲ್ಲಿಂದ ಸಡಿಲಾಯಿತು. ಒಲೆ ಉರಿಯುತ್ತಿದ್ದ ಕೋಣೆಗಳಲ್ಲಿ ಈಗ ಮಾಲಿನ ಡಬ್ಬಗಳು. ರಾತ್ರಿ ಎಂಟರ ಮೇಲೆ ಈ ಬೀದಿಯಲ್ಲಿ ದೀಪ ಉರಿಯುವ ಕಿಟಕಿಗಳನ್ನು ಲೆಕ್ಕ ಹಾಕಬಹುದು. ನನಗೆ ಇದು ಅಂಗಡಿ ಬದಲಾದದ್ದಕ್ಕಿಂತ ದೊಡ್ಡ ನಷ್ಟವಾಗಿ ಕಂಡಿತು. ಮೇಲೆ ಮನೆಯಿದ್ದಾಗ ಸೋರಿದ ಸೂರನ್ನು ಅದೇ ದಿನ ಸರಿಮಾಡುತ್ತಿದ್ದರು.

ರೈಸ್ ಸ್ಮಾರಕ ಚರ್ಚಿನಲ್ಲಿ ಕನ್ನಡದ ಆರಾಧನೆ ಮುಗಿದು ಜನ ಹೊರಬರುತ್ತಿದ್ದರು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಇಲ್ಲಿ ಕನ್ನಡದಲ್ಲೇ ಬೋಧಿಸಿ ಬದುಕು ಕಳೆದವರು. ನಮ್ಮ ಶಾಸನಗಳನ್ನು ಸಂಪುಟಗಳಾಗಿ ತಂದ ಬಿ.ಎಲ್. ರೈಸ್ ಅವರ ಮಗ. ಈಗಿನ ಕಟ್ಟಡ 1917ರದು. ಒಂದೊಂದಡಿಗೂ ಬೆಲೆಯಿರುವ ಈ ರಸ್ತೆಯಲ್ಲಿ ಒಂದು ಅಂಗಳ ಅಂಗಳವಾಗಿಯೇ ಉಳಿದಿರುವುದು ನೋಡಿ ಸಮಾಧಾನವಾಯಿತು. ಅಲ್ಲಿ ಹತ್ತು ನಿಮಿಷ ಕೂತೆ.

ಅಲ್ಲಿಂದ ಕಬ್ಬನ್‌ಪೇಟೆ. ನೇಕಾರರ ಪೇಟೆ ಅದು. ಕೆಲವು ಮನೆಗಳ ಒಳಗಿನಿಂದ ಪವರ್‌ಲೂಮ್ ಸದ್ದು ಇನ್ನೂ ಕೇಳುತ್ತದೆ. ಹೊಸಿಲಲ್ಲಿ ನಿಂತು ನೋಡಲು ಬಿಟ್ಟರು. ಮನೆಯ ಗೋಡೆಗೂ ಮಗ್ಗಕ್ಕೂ ನಡುವೆ ಒಬ್ಬರು ಪಕ್ಕವಾಗಿ ಸರಿಯುವಷ್ಟೇ ಜಾಗ.

ಮಧ್ಯಾಹ್ನ ಸಂಡೇ ಬಜಾರಿಗೆ ಹೋದೆ. ಹಳೇ ಫೋನು, ಮಿಕ್ಸಿ, ಸ್ಪಾನರು, ಶೂಗಳ ನಡುವೆ ಒಬ್ಬಾತ ಗೋಣಿತಾಟಿನ ಮೇಲೆ ಹಿತ್ತಾಳೆ ಹಿಡಿಕೆ, ಚಿಲಕ, ಬಾಗಿಲ ತಿರುಗಣಿ, ಕಿಟಕಿಯ ಬಣ್ಣದ ಗಾಜು ಹರಡಿದ್ದ. ಎಲ್ಲಿಯದಪ್ಪ ಅಂದೆ. "ಇಲ್ಲೇ ಅಕ್ಕಾ, ಒಡೆದ ಮನೇದು." ಯಾವ ಬೀದಿ ಅಂತ ಹೇಳಲು ಅವನಿಗೆ ಗೊತ್ತಿರಲಿಲ್ಲ, ಗುಜರಿಯವರಿಂದ ತೂಕಕ್ಕೆ ತಂದದ್ದು. ಕೆಡವುವ ಮುಂಚೆ ಒಂದು ಫೋಟೋ ತೆಗೆದು, ಮನೆಯ ಬೀದಿ, ಇಸವಿ, ಕಸುಬು ಬರೆದಿಡುವ ಕೆಲಸವನ್ನು ಇಲ್ಲಿನ ಕಾಲೇಜುಗಳ ಹುಡುಗರಿಗೆ ಯಾರಾದರೂ ಹಚ್ಚಬೇಕು. ದುಡ್ಡು ಬೇಕಾಗಿಲ್ಲ, ಆಸ್ಥೆ ಸಾಕು.

ಸೋಮವಾರ

ನಸುಕಿಗೇ ಮಾರುಕಟ್ಟೆಗೆ. ಸಿದ್ಧಿಕಟ್ಟೆ ಎಂಬ ಕೆರೆಯಿದ್ದ ಜಾಗ ಇದು, ಹಳೇ ಕಟ್ಟಡ 1921ರದು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದಾಗ ಬೀದಿದೀಪ ಬೆಳಗಿದ್ದು ಈ ಭಾಗದಲ್ಲೇ. ಸೇವಂತಿಗೆಯ ರಾಶಿಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಹತ್ತಿರದಲ್ಲೇ ಜನೋಪಕಾರಿ ದೊಡ್ಡಣ್ಣಶೆಟ್ಟರ ದೊಡ್ಡಣ್ಣ ಹಾಲ್ ಇತ್ತು. ನಾಟಕಗಳ ಆ ಸಭಾಂಗಣ ಮುಂದೆ ಪ್ಯಾರಾಮೌಂಟ್ ಚಿತ್ರಮಂದಿರವಾಯಿತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡದ್ದು ಅಲ್ಲಿ. ಇವತ್ತು ಅಲ್ಲಿ ಚಿತ್ರಮಂದಿರವಿಲ್ಲ. ಕನ್ನಡ ಸಿನಿಮಾ ಮೊದಲು ಮಾತಾಡಿದ ಜಾಗಕ್ಕೆ ದಾರಿ ತೋರಿಸಿ ಅಂತ ಕೇಳಿದರೆ ತೋರಿಸುವವರೂ ಸಿಗಲಿಲ್ಲ. ಇದು ನಮ್ಮ ನಾಡಿಗೆ ಶೋಭೆಯಲ್ಲ.

ಹತ್ತು ಗಂಟೆಗೆ ಅವೆನ್ಯೂ ರಸ್ತೆಗೆ ಮರಳಿದೆ. ಮೊದಲ ದಿನ ಲಗ್ನಪತ್ರಿಕೆಯ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಜಿಪ್ಪು ರಿಪೇರಿಯವರೊಬ್ಬರನ್ನು ನೋಡಿದ್ದೆ. ಎರಡಡಿಗೆ ನಾಲ್ಕಡಿ ಜಾಗ. ಬ್ಯಾಗಿನ ಜಿಪ್ಪು, ಕೊಡೆ, ಸೂಟ್‌ಕೇಸಿನ ಚಕ್ರ ಎಲ್ಲವನ್ನೂ ಸರಿಮಾಡುತ್ತಾರೆ. ನನ್ನ ಬ್ಯಾಗಿನ ರನ್ನರ್ ಹಾಕಿಸುತ್ತಾ ಕೂತಿದ್ದಾಗ ಕಟ್ಟಡದ ಮಾಲೀಕರ ಮಗ ಬಂದರು. ಮಾತಿಗೆ ಮಾತು ಬೆಳೆದು ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದರು. ಪಕ್ಕದ ಎರಡು ಮುಂಗಟ್ಟುಗಳನ್ನೂ ಕೊಂಡಿದ್ದಾರೆ. ಮೂರನ್ನೂ ಸೇರಿಸಿ ಲಿಫ್ಟು, ಗಾಜಿನ ಮುಖ, ನಾಲ್ಕು ಮಹಡಿ. ಈ ರಸ್ತೆಯನ್ನು ಅಗಲ ಮಾಡುವ ಮಾತು ಹಿಂದೆ ಬಂದಾಗ ವರ್ತಕರು ಒಟ್ಟಾಗಿ ವಿರೋಧಿಸಿದ್ದರು, ಅವರ ತಂದೆಯೂ ಆ ಗುಂಪಿನಲ್ಲಿದ್ದರಂತೆ.

"ಇವರಿಗೆ ಏನು ಮಾಡ್ತೀರ?" ಅಂತ ಜಿಪ್ಪಿನವರನ್ನು ತೋರಿಸಿದೆ.

"ಅಂಕಲ್‌ಗೆ ಎರಡನೇ ಫ್ಲೋರಲ್ಲಿ ಜಾಗ ಕೊಡ್ತೀವಿ ಮೇಡಂ. ಲಿಫ್ಟ್ ಇರುತ್ತಲ್ಲ."

ಹತ್ತು ನಿಮಿಷದ ಕೆಲಸಕ್ಕೆ ಎರಡನೇ ಮಹಡಿಗೆ ಯಾರು ಹತ್ತುತ್ತಾರೆ ಅಂತ ಕೇಳಿದೆ. ಪುಸ್ತಕದ ಗೋಡೆ, ರಬ್ಬರ್ ಸ್ಟಾಂಪಿನ ಮೇಜು, ಬೀಗದ ಕೈಯವನ ಪೆಟ್ಟಿಗೆ ಇವೆಲ್ಲ ಬದುಕಿರುವುದು ಬೀದಿಗೆ ತಾಗಿಕೊಂಡಿರುವುದರಿಂದ. ಮೂರು ಮುಖ ಸೇರಿಸಿ ಒಂದು ಬಾಗಿಲು ಮಾಡಿದರೆ ಒಳಗೆ ಬರುವವನು ದೊಡ್ಡ ಬಾಡಿಗೆ ಕಟ್ಟಬಲ್ಲ ಒಬ್ಬನೇ. ಲಾಭ ಬೇಡ ಅಂತ ನಾನು ಹೇಳಲಿಲ್ಲ, ನಾನೂ ವ್ಯಾಪಾರದ ಮನೆಯವಳು. ನಾಲ್ಕೇನು, ಐದು ಮಹಡಿ ಕಟ್ಟಿ, ಕೆಳಗೆ ಮೂರು ಮುಖ ಮೂರಾಗಿಯೇ ಇರಲಿ, ಮೆಟ್ಟಿಲ ಕೆಳಗಿನ ಜಾಗವನ್ನು ಗೋಡೆ ಕಟ್ಟಿ ಮುಚ್ಚಬೇಡಿ ಅಂದೆ. ಚಿಲ್ಲರೆ ಬಾಡಿಗೆ ಹತ್ತು ಕಡೆಯಿಂದ ಬಂದರೆ ಒಬ್ಬ ಬಿಟ್ಟು ಹೋದರೂ ಮನೆ ನಡೆಯುತ್ತದೆ ಅನ್ನುವ ಅಪ್ಪನ ಲೆಕ್ಕವನ್ನೂ ಹೇಳಿದೆ.

ಅವರು ಪೂರ್ತಿ ಒಪ್ಪಲಿಲ್ಲ. ಮೂರು ಮುಖ ಆಗೋದಿಲ್ಲ, ಫೈರ್ ಎಕ್ಸಿಟ್ ಬೇಕು, ಲಿಫ್ಟಿಗೆ ಜಾಗ ಬೇಕು ಅಂದರು. ಮೆಟ್ಟಿಲ ಕೆಳಗಿನದಕ್ಕೆ ಮಾತ್ರ ನಕ್ಷೆಯನ್ನು ಬೆರಳಿಂದ ಹಿಗ್ಗಿಸಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಂಜಿನಿಯರಿಗೆ ಫೋನು ಹಚ್ಚಿ, "ಅಂಕಲ್ ಕೂರೋ ಜಾಗ ಎಷ್ಟಿದೆ ಅಂತ ಇವತ್ತೇ ಬಂದು ಅಳತೆ ತಗೊಂಡು ಹೋಗಿ" ಅಂದರು.

ಜಿಪ್ಪಿನವರು ನನ್ನಿಂದ ಮೂವತ್ತು ರೂಪಾಯಿ ತೆಗೆದುಕೊಂಡು, ಮುಂದಿನವರ ಕೊಡೆಗೆ ಕೈ ಚಾಚಿದರು.